ಗಂಡ-ಹೆಂಡತಿ ನಡುವಿನ ಮರ್ಯಾದೆ: ಯಾರಿಗೆ ಯಾವುದು?

'ಈ ಮನೇಲಿ ನನಗೆ ಮರ್ಯಾದೆನೇ ಇಲ್ಲ' ಎಂಬ ಮಾತು ಜಗಳದಲ್ಲೇ ಮುಗಿಯುವುದು ಹೆಚ್ಚು. ಯಾವ ನಡತೆಯಿಂದ ಹಾಗನ್ನಿಸಿತು ಎಂಬುದು ಅದರಲ್ಲಿ ಇರುವುದಿಲ್ಲ. ಕೇಳಿದವರು 'ನಾನೇನು ಮಾಡಿದೆ?' ಎಂದು ತಿರುಗಿಬೀಳುತ್ತಾರೆ.

ಮರ್ಯಾದೆಯ ಅಳತೆ ಹುಟ್ಟಿದ ಮನೆಯಿಂದ ಬಂದಿರುತ್ತದೆ. ಧಾರವಾಡದ ಕಡೆ 'ಬರ್ರಿ, ಕೂಡ್ರಿ' ಎಂದು ಚಿಕ್ಕವರಿಗೂ ಅನ್ನುವ ರೂಢಿಯಿದೆ. ಮಂಡ್ಯದ ಕಡೆ ಸಲುಗೆ ಇದ್ದಲ್ಲಿ ಏಕವಚನವೇ ಸಹಜ. ಇಂಥ ಎರಡು ಮನೆ ಬೀಗರಾದರೆ ಆರಂಭದಲ್ಲಿ ಕಸಿವಿಸಿ ಆದೀತು, ಆದರೆ ಹೇಳಿಕೊಂಡರೆ ಬೇಗ ಸರಿಹೋಗುತ್ತದೆ.

ಆಳಕ್ಕೆ ಇಳಿಯುವ ನೋವು ಬೇರೆ ಕಡೆಯದು. ಗಂಡ ತಮ್ಮನಿಗೆ 50,000 ರೂಪಾಯಿ ಕೈಗಡ ಕೊಟ್ಟಿದ್ದು ಹೆಂಡತಿಗೆ ಬ್ಯಾಂಕಿನ ಮೆಸೇಜಿನಿಂದ ತಿಳಿಯಿತು ಎಂದಿಟ್ಟುಕೊಳ್ಳಿ. ಕೇಳಿದ್ದರೆ ಅವಳೂ ಒಪ್ಪುತ್ತಿದ್ದಳೇನೋ. 'ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ' ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಅದೇ ಗಂಡನಿಗೆ, ನೆಂಟರ ಎದುರು ತನ್ನ ಸಂಬಳದ ಮಾತೆತ್ತಿ ಅವಳು ನಕ್ಕಿದ್ದು ಚುಚ್ಚುತ್ತಿರುತ್ತದೆ. ಒಬ್ಬರಿಗೆ ಕೇಳಿ ಮಾಡುವುದು ಮರ್ಯಾದೆ, ಇನ್ನೊಬ್ಬರಿಗೆ ನಾಲ್ಕು ಜನರ ಮುಂದೆ ಬಿಟ್ಟುಕೊಡದಿರುವುದು. ಎರಡೂ ನ್ಯಾಯವೇ.

ಜಗಳ ಆರಿ ಒಂದೆರಡು ದಿನ ಕಳೆದ ಮೇಲೆ, ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂತುಕೊಳ್ಳಿ. ಹಿತವೆನಿಸುವ ಮೂರು ನಡತೆ, ನೋಯಿಸುವ ಮೂರು ನಡತೆ ಎಂದು ಇಬ್ಬರೂ ಬೇರೆಬೇರೆ ಹಾಳೆಯಲ್ಲಿ ಬರೆಯಿರಿ. 'ನನ್ನ ತವರಿಗೆ ಬೆಲೆ ಕೊಡಿ' ಎಂದು ಬರೆದರೆ ಸಾಲದು. 'ಅಪ್ಪ ಫೋನ್ ಮಾಡಿದಾಗ ನೀವೂ ಎರಡು ಮಾತಾಡಿ' ಎಂದಿರಬೇಕು. ಒಬ್ಬರು ಓದುವಾಗ ಇನ್ನೊಬ್ಬರು ಸಮಜಾಯಿಷಿ ಕೊಡಬಾರದು, ಅರ್ಥವಾಗದ್ದನ್ನು ಕೇಳಬಹುದು. ಆಮೇಲೆ ತಲಾ ಒಂದನ್ನೇ ಆರಿಸಿ ಹದಿನೈದು ದಿನ ಪಾಲಿಸಿ. ಆರನ್ನೂ ಒಟ್ಟಿಗೆ ಹಿಡಿದರೆ ಒಂದೂ ನಿಲ್ಲುವುದಿಲ್ಲ. ದುಡ್ಡಿನ ವಿಷಯವಾದರೆ ಒಂದು ಮೊತ್ತ ನಿಗದಿ ಮಾಡಿ: '5,000 ದಾಟುವ ಯಾವುದನ್ನೇ ಆಗಲಿ ಮೊದಲು ಹೇಳಬೇಕು' ಅನ್ನುವ ಹಾಗೆ.

ಇದು ಕೆಡುವುದು ಹೆಚ್ಚಾಗಿ ಹಳೇ ಕಡತ ಬಿಚ್ಚಿದಾಗ, ಇಲ್ಲವೇ ಹಾಳೆಯಲ್ಲಿದ್ದದ್ದು ಅತ್ತೆಯ ಕಿವಿಗೋ ತಾಯಿಯ ಕಿವಿಗೋ ಬಿದ್ದಾಗ. ಕ್ಷಮೆಯಲ್ಲೂ ಒಂದು ಸೂಕ್ಷ್ಮವಿದೆ. ನೆಂಟರ ಎದುರು ಹಂಗಿಸಿ ಕೋಣೆಯೊಳಗೆ 'ತಪ್ಪಾಯ್ತು' ಅಂದರೆ ಅದು ಅರ್ಧ ಕ್ಷಮೆ. ಅದೇ ನೆಂಟರ ಮುಂದೆ 'ಅವತ್ತು ನಾನು ಹಾಗನ್ನಬಾರದಿತ್ತು' ಅನ್ನುವಷ್ಟು ದೊಡ್ಡ ಮನಸ್ಸು ಬೇಕು.

ಬಾಯಿಬಿಡಲು ಹೆದರಿಕೆಯಾಗುವ ಮನೆಯಲ್ಲಿ ಮಾತ್ರ ಈ ಹಾಳೆಯ ಉಪಾಯ ಬೇಡ. ಬರೆದದ್ದೇ ಹೊಡೆತಕ್ಕೆ ನೆಪವಾದೀತು. ಹೀಯಾಳಿಸುವುದು, ಮಕ್ಕಳಾಗಲಿಲ್ಲ ಅಥವಾ ಗಂಡು ಮಗುವಾಗಲಿಲ್ಲ ಎಂದು ಹಂಗಿಸುವುದು, ಮನೆಖರ್ಚಿಗೆ ಹಣ ಕೊಡದಿರುವುದು, ಇವೆಲ್ಲ 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ದೌರ್ಜನ್ಯವೇ. ಅಂಥ ಕಡೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.