ಈಡೇಲ್‌ನಲ್ಲಿ ಭಾವನ ಜೊತೆ ಒಂದು ಸುತ್ತು

17 ಮೇ 2025, ಶನಿವಾರ

ಮ್ಯಾಂಚೆಸ್ಟರ್‌ನಿಂದ ಶೆಫೀಲ್ಡ್ ಕಡೆ ಹೋಗುವ ನಿಧಾನದ ರೈಲು ಹಿಡಿದರೆ ಮುಕ್ಕಾಲು ಗಂಟೆಗೆಲ್ಲ ಈಡೇಲ್ ಬರುತ್ತದೆ. ಇಳಿದರೆ ಸುತ್ತ ಗುಡ್ಡಗಳೇ. ಊರಿಂದ ಬಂದವರನ್ನು ನಾನು ಲಂಡನ್‌ಗಿಂತ ಮೊದಲು ಇಲ್ಲಿಗೇ ಕರೆತರುವುದು. ಈ ಸಲ ಬಂದವರು ಭಾವ, ಅಕ್ಕನ ಗಂಡ. ಸಿರಸಿ ಹತ್ತಿರ ಅಡಿಕೆ ತೋಟ. ಅರಮನೆ, ಮ್ಯೂಸಿಯಂ ಅಂದರೆ ಅವರಿಗೆ ಆಕಳಿಕೆ. "ಇಲ್ಲಿನ ರೈತರು ಏನು ಮಾಡ್ತಾರೆ ಅದನ್ನ ತೋರಿಸು ಮಾರಾಯ" ಅಂದಿದ್ದರು.

ಹೋದದ್ದು ಸುಮಾರು ಏಳು ಮೈಲಿಯ ಸುತ್ತು. ಓಲ್ಡ್ ನ್ಯಾಗ್ಸ್ ಹೆಡ್ ಪಬ್ಬಿನಿಂದ ಹೊರಟು ಅಪ್ಪರ್ ಬೂತ್, ಬಾರ್ಬರ್ ಬೂತ್ ಅನ್ನುವ ಪುಟ್ಟ ಊರುಗಳು. ಅಲ್ಲಿಂದ ಮ್ಯಾಮ್ ಟಾರ್ ಗುಡ್ಡ ಹತ್ತಿ, ಅದರ ಏಣಿನ ಮೇಲೆ ಹಾಲಿನ್ಸ್ ಕ್ರಾಸ್‌ವರೆಗೆ ನಡೆದು, ಇಳಿದು ಮತ್ತೆ ಪಬ್ಬು. ಪಬ್ಬು 1577ರದ್ದು ಅನ್ನುತ್ತಾರೆ. ಸ್ಕಾಟ್ಲೆಂಡಿನ ಕರ್ಕ್ ಯೆತಮ್‌ವರೆಗೆ 268 ಮೈಲಿ ಹೋಗುವ ಪೆನೈನ್ ವೇ ಕಾಲುದಾರಿ ಶುರುವಾಗುವುದು ಇದರ ಬಾಗಿಲಲ್ಲೇ. ಬೆನ್ನಿಗೆ ಗುಡಾರ ಕಟ್ಟಿಕೊಂಡ ಇಬ್ಬರು ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಅದೇ ದಾರಿಯಲ್ಲಿ ಎರಡು ಕಿಲೋಮೀಟರ್ ನಡೆದು ಎಡಕ್ಕೆ ತಿರುಗಿಕೊಳ್ಳುವವರು.

ಮೊದಲ ಗೇಟಿನಲ್ಲೇ ಭಾವ ನಿಂತರು.

"ಇದು ಯಾರದೋ ಜಮೀನಲ್ವಾ?"

"ಹೌದು ಭಾವ. ದಾರಿ ಇದೆ, ಬನ್ನಿ."

"ಕೇಳಬೇಕಲ್ಲ?"

ಕೇಳಬೇಕಿಲ್ಲ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಸಾರ್ವಜನಿಕ ಕಾಲುದಾರಿ. ನೀಲಿ ಬಾಣವಾದರೆ ಕುದುರೆ, ಸೈಕಲ್ಲಿಗೂ ಅವಕಾಶ. ಜಮೀನಿನವನು ಅದನ್ನು ಮುಚ್ಚುವಂತಿಲ್ಲ. ಹಾಗಂತ ನಡೆಯುವವರಿಗೂ ದಾಟಿಹೋಗುವ ಹಕ್ಕು ಮಾತ್ರ. ಗದ್ದೆಯಲ್ಲೆಲ್ಲ ಅಲೆಯುವುದು, ಗುಡಾರ ಹಾಕುವುದು ನಡೆಯುವುದಿಲ್ಲ. ಇಂಥ ದಾರಿಗಳು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 1,40,000 ಮೈಲಿ ಇವೆ.

ಭಾವನಿಗೆ ಇದು ಬರೀ ಕುತೂಹಲದ ವಿಷಯ ಅಲ್ಲ. ಊರಲ್ಲಿ ಅವರ ತೋಟದ ಅಂಚಿನಲ್ಲಿ ಒಂದು ದಾರಿಯ ತಕರಾರು ಇದೆ. ಹಿಂದಿನಿಂದ ಓಡಾಡಿದ ದಾರಿ ಅಂತ ಪಕ್ಕದವರು, ನಕ್ಷೆಯಲ್ಲಿ ಎಲ್ಲಿದೆ ತೋರಿಸಿ ಅಂತ ಇವರು. ತಹಸೀಲ್ದಾರ್ ಕಚೇರಿಗೆ ಇಬ್ಬರೂ ಚಪ್ಪಲಿ ಸವೆಸಿದ್ದಾರೆ. ಹಾಗಾಗಿ ನನ್ನ ಉತ್ತರಗಳನ್ನು ಅವರು ವಕೀಲರ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

"ಈ ಗೇಟು ಮುರಿದರೆ ಮಾಡಿಸೋದು ಯಾರು?"

"ಜಮೀನಿನವರೇ. ಖರ್ಚಿನಲ್ಲಿ ಕನಿಷ್ಠ ಕಾಲು ಭಾಗ ಕೌನ್ಸಿಲ್ ಕೊಡಬೇಕು."

"ಅಂದರೆ ಮುಕ್ಕಾಲು ಅವನ ತಲೆಗೇ! ಚೆನ್ನಾಗಿದೆ ಕಾನೂನು."

ಅಪ್ಪರ್ ಬೂತ್‌ವರೆಗೂ ಕುರಿಗಳ ಬ್ಯಾಣ. ಈ ವಸಂತದಲ್ಲಿ ಮಳೆ ತೀರಾ ಕಡಿಮೆ. ಮೇ ತಿಂಗಳಲ್ಲಿ ಇಲ್ಲಿ ಬೂಟಿಗೆ ಕೆಸರು ಹತ್ತದೇ ಇರುವುದು ಅಪರೂಪ. ಒಂದು ತಾಯಿ ಕುರಿಯ ಮಗ್ಗುಲಲ್ಲಿ ನೀಲಿ ಬಣ್ಣದಲ್ಲಿ 47 ಅಂತ ಬರೆದಿತ್ತು. ಹಿಂದೆ ಓಡಿಬಂದ ಎರಡು ಮರಿಗಳ ಮೈಮೇಲೂ 47. ಯಾವ ಮರಿ ಯಾವ ತಾಯಿಯದು ಅಂತ ದೂರದಿಂದಲೇ ಗೊತ್ತಾಗಲಿ ಅಂತ ಹೀಗೆ ಬರೆಯುತ್ತಾರೆ. ಸ್ವಲ್ಪ ಮುಂದೆ 31 ಬರೆದ ಮರಿಯೊಂದು 52ರ ಕೆಚ್ಚಲಿಗೆ ಬಾಯಿ ಹಾಕಲು ಹೋಗಿ ಗುದ್ದು ತಿಂದಿತು. ಭಾವ ಜೋರಾಗಿ ನಕ್ಕರು.

ಈ ಕಣಿವೆಯಲ್ಲಿ ಐದು ಬೂತ್‌ಗಳಿವೆ. ದನ ಕಾಯುವವರು ಹಾಕಿಕೊಂಡ ಕೊಟ್ಟಿಗೆ, ಗುಡಿಸಲುಗಳೇ ಬೆಳೆದು ಊರಾದವು. ಈಗ ದನಕ್ಕಿಂತ ಕುರಿಯೇ ಜಾಸ್ತಿ. ಉಣ್ಣೆಯಿಂದ ಏನು ಸಿಗುತ್ತೆ ಅಂತ ಭಾವ ಕೇಳಿದರು. ಎಷ್ಟೋ ಕಡೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂದೆ. ಹುಬ್ಬು ಮೇಲೇರಿತು. ಬದುಕು ನಡೆಯುವುದು ಮಾಂಸಕ್ಕೆ ಮಾರುವ ಮರಿಗಳಿಂದ ಮತ್ತು ಸರ್ಕಾರದ ಹಣದಿಂದ. ಕ್ಯಾಂಪಿಂಗ್ ಜಾಗ, ಟೀ ಅಂಗಡಿ ಇಟ್ಟುಕೊಂಡವರೂ ಇದ್ದಾರೆ. ನಡೆಯುವವರು ಬಾರದಿದ್ದರೆ ಏನಾಗುತ್ತದೆ ಅನ್ನುವುದು 2001ರಲ್ಲಿ ಗೊತ್ತಾಯಿತು. ಕಾಲುಬಾಯಿ ರೋಗ ಬಂದು 60 ಲಕ್ಷಕ್ಕೂ ಹೆಚ್ಚು ಜಾನುವಾರು, ಕುರಿ, ಹಂದಿಗಳನ್ನು ಕೊಂದರು. ದೇಶದ ಎಷ್ಟೋ ಕಾಲುದಾರಿಗಳನ್ನು ಮುಚ್ಚಿದರು. ಹಳ್ಳಿ ಕಡೆಯ ಪಬ್ಬು, ಲಾಡ್ಜುಗಳು ಖಾಲಿ ಹೊಡೆದವು.

ಬಾರ್ಬರ್ ಬೂತ್ ಕಡೆ ಹೋಗುವಾಗ ಪಾಗಾರ ಒಂದು ಕಡೆ ಕುಸಿದಿತ್ತು. ಭಾವ ಕೂತೇಬಿಟ್ಟರು. ಕುಸಿದ ಗೋಡೆಯಲ್ಲೇ ಕಟ್ಟಿದ ರೀತಿ ಕಾಣುವುದು. ಗಾರೆ ಇಲ್ಲ, ಸಿಮೆಂಟಿಲ್ಲ. ನೋಡಲು ಒಂದೇ ಗೋಡೆ, ನಿಜಕ್ಕೂ ಎರಡು. ಎರಡೂ ಮೇಲೆ ಹೋದಂತೆ ಒಳಕ್ಕೆ ವಾಲಿ ಒಂದಕ್ಕೊಂದು ಆತುಕೊಂಡಿರುತ್ತವೆ. ನಡುವಿನ ಸಂದಿಗೆ ಮುಷ್ಟಿ ಗಾತ್ರದ ಚೂರುಗಲ್ಲು. ಅಲ್ಲಲ್ಲಿ ಈ ಬದಿಯಿಂದ ಆ ಬದಿಗೆ ಮುಟ್ಟುವ ಉದ್ದನೆಯ ಕಲ್ಲು, ಎರಡನ್ನೂ ಹಿಡಿದಿಡಲಿಕ್ಕೆ. ತಲೆಯ ಮೇಲೆ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿದ ಕಲ್ಲಿನ ಸಾಲು. ಭಾವ ಒಂದು ಚೂರು ಎಳೆದು ನೋಡಿ, ತೆಗೆದಲ್ಲೇ ಇಟ್ಟರು. "ಒಳಗಿನ ಚೂರುಗಲ್ಲು ಸುಮ್ನೆ ಸುರಿದಿದ್ದಾರೆ. ಕೈಯಲ್ಲಿ ಜೋಡಿಸಿದ್ದರೆ ಬೀಳ್ತಿರಲಿಲ್ಲ" ಅಂತ ತೀರ್ಪು ಕೊಟ್ಟರು. ಇರಬಹುದು. ಪಾಗಾರ ಕಟ್ಟಿದ ಕೈ ಅವರದು, ನನ್ನದು ಬರೀ ಕೀಬೋರ್ಡು.

ಈ ಗುಡ್ಡಗಾಡಿಗೆ ಪೀಕ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಇಲ್ಲಿನ ಇಂಥ ಗೋಡೆಗಳಲ್ಲಿ ಹೆಚ್ಚಿನವು 18, 19ನೇ ಶತಮಾನದವು. ನಮ್ಮ ಗೋಮಾಳದಂಥ, ಊರವರೆಲ್ಲ ಮೇಯಿಸುತ್ತಿದ್ದ ಜಾಗಕ್ಕೆ ಬೇಲಿ ಹಾಕಿ ಹಂಚಿಕೊಂಡ ಕಾಲ ಅದು. ಬಡವರ ದನಕ್ಕೆ ಹುಲ್ಲು ತಪ್ಪಿತು. ಕಾಲುದಾರಿಗಳು ಮಾತ್ರ ಎಷ್ಟೋ ಕಡೆ ಉಳಿದವು. ಗೋಡೆ ಅಡ್ಡ ಬಂದಲ್ಲಿ ದಾಟಲು ಕಲ್ಲಿನ ತಡಮೆ ಇಟ್ಟರು. ನಮ್ಮೂರ ತೋಟದ ತಡಮೆಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಇನ್ನೊಂದು ಗೇಟಿನ ಮೇಲೆ ಹೋರಿ ಇದೆ ಅಂತ ಬೋರ್ಡು. ದಾರಿ ಇರುವ ಹೊಲದಲ್ಲಿ ಹೋರಿ ಬಿಡಬಹುದಾ? ಅದಕ್ಕೂ 1981ರ ಒಂದು ಕಾನೂನಿನಲ್ಲಿ ಉತ್ತರ ಇದೆ. ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಹೋರಿಯನ್ನು ಬಿಡುವಂತಿಲ್ಲ. ಬೇರೆ ತಳಿಯದಾದರೆ ಬಿಡಬಹುದು, ಆದರೆ ಜೊತೆಗೆ ಹಸುಗಳೋ ಕಡಸುಗಳೋ ಇರಬೇಕು. "ಹೆಂಗಸರು ಜೊತೆಗಿದ್ದರೆ ಗಂಡಸು ಸುಮ್ನಿರ್ತಾನೆ ಅಂತ ಲೆಕ್ಕ" ಅಂದರು ಭಾವ. ಹೋರಿ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮ್ಯಾಮ್ ಟಾರ್ ಏರು ದಮ್ಮು ಕಟ್ಟಿಸಿತು. 517 ಮೀಟರ್ ಅಷ್ಟೇ, ಆದರೆ ಕೊನೆಯ ಭಾಗ ಕಡಿದು. ಮೇಲಿಂದ ಆಚೆ ಬದಿಗೆ ಬಗ್ಗಿದರೆ ಗುಡ್ಡದ ಮುಖವೇ ಜಾರಿಹೋದದ್ದು ಕಾಣುತ್ತದೆ. ಮರಳುಗಲ್ಲಿನ ಕೆಳಗೆ ಪದರ ಪದರವಾದ ಮೆದು ಶೇಲ್ ಕಲ್ಲು, ನೀರು ಕುಡಿದು ಜಾರುತ್ತಲೇ ಇರುತ್ತದೆ. ಅದರ ಮೇಲೆ ಹೆದ್ದಾರಿ ಮಾಡಿದ್ದರು. ರಿಪೇರಿ ಮಾಡಿ ಮಾಡಿ ಸುಸ್ತಾಗಿ 1979ರಲ್ಲಿ ಮುಚ್ಚಿದರು. ಭಾವ ಇಲ್ಲಿ ಮಾತಾಡಲಿಲ್ಲ. 2024ರ ಜುಲೈನಲ್ಲಿ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಮ್ಮ ಜಿಲ್ಲೆಯಲ್ಲೇ.

ಹಾಲಿನ್ಸ್ ಕ್ರಾಸ್‌ವರೆಗೆ ಚಪ್ಪಡಿ ಹಾಸಿದ ದಾರಿ, ಗಾಳಿಯೋ ಗಾಳಿ. ಈಡೇಲ್‌ಗೆ ಸ್ವಂತ ಚರ್ಚ್ ಇಲ್ಲದ ಕಾಲದಲ್ಲಿ ಹೆಣಗಳನ್ನು ಹೊತ್ತು ಹಾಲಿನ್ಸ್ ಕ್ರಾಸ್ ದಾಟಿ ಗುಡ್ಡದ ಆಚೆಯ ಕ್ಯಾಸಲ್ಟನ್‌ಗೆ ಒಯ್ಯುತ್ತಿದ್ದರು. ಎದುರಿಗೆ ಕಿಂಡರ್ ಸ್ಕೌಟ್, 636 ಮೀಟರ್. 1932ರ ಏಪ್ರಿಲ್ 24ರಂದು ಅದರ ಆಚೆ ಬದಿಯ ಹೇಫೀಲ್ಡ್‌ನಿಂದ ಸುಮಾರು 400 ಜನ ಬೇಕೆಂತಲೇ ಅಕ್ರಮವಾಗಿ ಹತ್ತಿದರು. ಹೆಚ್ಚಿನವರು ಮ್ಯಾಂಚೆಸ್ಟರ್‌ ಕಡೆಯ ದುಡಿಯುವ ಹುಡುಗರು. ಗುಡ್ಡ ಆಗ ಸಾಹುಕಾರರು ಹಕ್ಕಿ ಹೊಡೆಯುವ ಜಾಗ. ಕಾವಲುಗಾರರ ಜೊತೆ ಕೈಕೈ ಆಯಿತು. ಐವರಿಗೆ ಜೈಲು. ಮುಂದಾಳು ಬೆನ್ನಿ ರಾತ್‌ಮನ್‌ಗೆ 20 ವರ್ಷ, ಶಿಕ್ಷೆ ನಾಲ್ಕು ತಿಂಗಳು. ಆಗಿನ ನಡಿಗೆ ಸಂಘಗಳೇ ಇವರ ಬೆಂಬಲಕ್ಕೆ ನಿಲ್ಲಲಿಲ್ಲ ಅನ್ನುವುದನ್ನು ಈಗ ಯಾರೂ ಜಾಸ್ತಿ ಹೇಳುವುದಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇಂಥ ಬೋಳುಗುಡ್ಡಗಳಲ್ಲಿ ದಾರಿ ಬಿಟ್ಟೂ ಓಡಾಡಬಹುದು ಅಂದದ್ದು 2000ದ ಕಾನೂನು.

ಇಳಿದು ಪಬ್ಬಿಗೆ ಬಂದಾಗ ಮೂರು ದಾಟಿತ್ತು. ಪಬ್ಬಿನಲ್ಲಿ ಯಾರೂ ಬಂದು ಆರ್ಡರ್ ಕೇಳುವುದಿಲ್ಲ, ಕೌಂಟರಿಗೆ ಹೋಗಿ ಹೇಳಿ ದುಡ್ಡು ಕೊಟ್ಟು ಬರಬೇಕು. ನನಗೊಂದು ಬಿಟರ್ ಬಿಯರ್, ಭಾವನಿಗೆ ಚಹಾ, ಇಬ್ಬರಿಗೂ ಚಿಪ್ಸ್. ನನ್ನ ಗ್ಲಾಸಿನಿಂದ ಒಂದೇ ಗುಟುಕು ರುಚಿ ನೋಡಿ ಮುಖ ಹಿಂಡಿದರು. ಪಕ್ಕದ ಟೇಬಲ್ಲಿನ ಕೆಳಗೆ ಒದ್ದೆ ನಾಯಿ ಮಲಗಿತ್ತು, ಅದಕ್ಕೂ ಒಂದು ಚಿಪ್ಸ್ ಹೋಯಿತು.

"ಇಲ್ಲಿನ ಕಾಲುದಾರಿಗಳ ನಕ್ಷೆ ಬರೆದವರು ಯಾರು?" ಅಂತ ಭಾವ ಕೇಳಿದರು.

1949ರ ಕಾನೂನು ಬಂದ ಮೇಲೆ ಪ್ರತಿ ಕೌಂಟಿಯೂ ಊರೂರಿನ ದಾರಿ ಗುರುತಿಸಿ ನಕ್ಷೆ ಮಾಡಬೇಕಾಯಿತು. ಊರಿನ ಪರಿಷತ್ತಿನವರೇ ಯಾವ ದಾರಿಯಲ್ಲಿ ಜನ ಓಡಾಡುತ್ತಾರೆ ಅಂತ ಬರೆದುಕೊಟ್ಟರು. ಮೊದಲು ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ ನಕ್ಷೆ. ಒಮ್ಮೆ ಅದರಲ್ಲಿ ಬಂತು ಅಂದರೆ ದಾರಿ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಭಾವ ಚಿಪ್ಸ್ ಅಗಿಯುತ್ತಾ ಯೋಚನೆ ಮಾಡಿದರು.

"ಆಕ್ಷೇಪಣೆ ಹಾಕಲಿಕ್ಕೆ ಎಷ್ಟು ದಿನ ಕೊಟ್ಟಿದ್ದರು?"