ಗಲ್ಫ್ ರೂಪಾಯಿ ಗುರುತಿಸುವುದು ಹೇಗೆ

ಮಂಗಳೂರು, ಉಡುಪಿ ಕಡೆಯ ಹಳೆಯ ಟ್ರಂಕುಗಳಲ್ಲಿ ಕೆಂಪು ಬಣ್ಣದ ಹತ್ತು ರೂಪಾಯಿ ನೋಟು ಸಿಕ್ಕರೆ ಮೊದಲು ಕ್ರಮಸಂಖ್ಯೆ ನೋಡಿ. 'ಝಡ್' ಅಕ್ಷರದಿಂದ ಶುರುವಾದರೆ ಅದು ಗಲ್ಫ್ ರೂಪಾಯಿ, ಅಂದರೆ ಕೊಲ್ಲಿ ದೇಶಗಳ ಬಳಕೆಗೆಂದೇ ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ನೋಟು. 'ಎಚ್‌ಎ' ಎಂದಿದ್ದರೆ ಹಜ್ ನೋಟು, ಅಂದರೆ ಹಜ್ ಯಾತ್ರಿಕರಿಗೆಂದು ಹೊರಡಿಸಿದ್ದು. ಈ ಎರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಗಲ್ಫ್ ನೋಟಿನಲ್ಲಿ ಐದಕ್ಕೆ ಕಿತ್ತಳೆ, ನೂರಕ್ಕೆ ಹಸಿರು.

ನಮ್ಮ ರೂಪಾಯಿಯೇ ಕೊಲ್ಲಿಯಲ್ಲೂ ಚಲಾವಣೆಯಲ್ಲಿತ್ತು. ಅದರಿಂದ ಅಲ್ಲಿ ಚಿನ್ನ ಕೊಂಡು ಕಳ್ಳದಾರಿಯಲ್ಲಿ ಇಲ್ಲಿಗೆ ತರುತ್ತಿದ್ದರು. ಆ ನೋಟುಗಳು ಮರಳಿ ಬಂದಾಗ ರಿಸರ್ವ್ ಬ್ಯಾಂಕ್ ವಿದೇಶಿ ವಿನಿಮಯ ಕೊಡಬೇಕಾಗುತ್ತಿತ್ತು. ಅದಕ್ಕೇ 1959ರಲ್ಲಿ ಪ್ರತ್ಯೇಕ ನೋಟು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ದಿನಾರಿಗೆ ಹೋದವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಮೌಲ್ಯ ಇಳಿಸಿದ ಬಳಿಕ ಕತಾರ್, ದುಬೈ ಕೂಡ ಬಿಟ್ಟವು. ಒಮಾನ್ ಮಾತ್ರ 1970ರವರೆಗೆ ಬಳಸಿತು.

ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಪಿವಿಸಿ ಕವರ್ ಕರಾವಳಿಯ ಸೆಕೆಗೆ ಅಂಟಂಟಾಗಿ ನೋಟನ್ನು ಹಾಳುಮಾಡುತ್ತದೆ. ಪಾಲಿಯೆಸ್ಟರ್ ಕವರ್ ಒಳ್ಳೆಯದು, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ.