ಗಾಡಿ ಓಡಿಸೋಕೆ ಬರುತ್ತೆ, ಆದ್ರೂ ಟೆಸ್ಟ್‌ನಲ್ಲಿ ಫೇಲ್ ಯಾಕೆ?

ಡ್ರೈವಿಂಗ್ ಕಲಿಸುವುದು ನನ್ನ ಕೆಲಸ. ಹಾಗಾಗಿ ಮದುವೆಮನೆಯಲ್ಲಿ ಸಿಕ್ಕವರು, ಹಳೇ ವಿದ್ಯಾರ್ಥಿಗಳ ಅಕ್ಕ-ತಂಗಿಯರು, ಬೀದಿಯಲ್ಲಿ ಪರಿಚಯವಾದವರು, ಎಲ್ಲರೂ ಕೇಳುವ ಪ್ರಶ್ನೆ ಇದೇ. "ಗಾಡಿ ಚೆನ್ನಾಗೇ ಓಡಿಸ್ತೀನಿ ಸರ್, ಹೈವೇಲೂ ಓಡಿಸಿದ್ದೀನಿ. ಟೆಸ್ಟ್‌ನಲ್ಲಿ ಮಾತ್ರ ಯಾಕೆ ಫೇಲ್ ಮಾಡ್ತಾರೆ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ನೇರ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿದ ಮೇಲೆ ಕಾರು ಹೆಚ್ಚೇನೂ ಕೇಳುವುದಿಲ್ಲ. ಸ್ಟೇರಿಂಗ್ ಹಿಡಿದುಕೊಂಡರೆ ಸಾಕು, ಹೋಗುತ್ತಿರುತ್ತದೆ. ಟೆಸ್ಟ್ ನಡೆಯುವುದು ಮೊದಲನೇ ಗೇರಿನಲ್ಲಿ ಮತ್ತು ರಿವರ್ಸ್‌ನಲ್ಲಿ, ಅದೂ ಜನ ನಡೆಯುವ ವೇಗದಲ್ಲಿ. ಎಂಟು ಹಾಕಬೇಕು (ಅಂದರೆ 8ರ ಆಕಾರದಲ್ಲಿ ಓಡಿಸಬೇಕು), ಅಪ್‌ನಲ್ಲಿ, ಅಂದರೆ ಏರಿನಲ್ಲಿ, ನಿಲ್ಲಿಸಿ ತೆಗೆಯಬೇಕು, ಹಿಂದಕ್ಕೆ ತಿರುಗಿಸಬೇಕು, ಎರಡು ಗಾಡಿಗಳ ನಡುವಿನಷ್ಟು ಜಾಗದಲ್ಲಿ ನಿಲ್ಲಿಸಬೇಕು. ಇದೆಲ್ಲ ನಿಧಾನದ ಕೆಲಸ. ಕ್ಲಾಸಿನಲ್ಲಿ ನಾವು ಕಲಿಯುವುದು ಮುಂದಕ್ಕೆ ಹೋಗುವುದನ್ನು, ಗೇರ್ ಏರಿಸುವುದನ್ನು. ಫೇಲ್ ಆದವರಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ ಅನ್ನುವುದು ನನ್ನ ಅನುಭವ.

ಇದಕ್ಕೆ ದೊಡ್ಡ ಕಾರಣ ಕಲಿಸುವವರ ಕಾಲು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನವರ ಕಾಲ ಬುಡದಲ್ಲೂ ಕ್ಲಚ್, ಬ್ರೇಕ್ ಇರುತ್ತವೆ. ಅದು ಇರಲೇಬೇಕು, ನಿಯಮವೇ ಹಾಗಿದೆ. ಆದರೆ ಏನಾಗುತ್ತದೆ ನೋಡಿ. ಸಿಗ್ನಲ್‌ನಲ್ಲಿ ಗಾಡಿ ತೆಗೆಯುವಾಗ ನೀವು ಕ್ಲಚ್ ಸ್ವಲ್ಪ ಬೇಗ ಬಿಡುತ್ತೀರಿ. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಗಾಡಿ ಆಫ್ ಆಗಬಾರದು ಅಂತ ಪಕ್ಕದವರು ತಮ್ಮ ಕ್ಲಚ್ ಮೇಲೆ ಪಾದ ಇಟ್ಟು ತಡೆಯುತ್ತಾರೆ. ಕಾರು ನಯವಾಗಿ ಹೊರಡುತ್ತದೆ. ನಿಮಗೆ ಅನಿಸುವುದು, ಆಹಾ, ಬಂತು! ಹೀಗೇ ಕ್ಲಾಸ್ ಮುಗಿಯುವವರೆಗೂ ನಡೆದರೆ ನಿಮ್ಮ ಎಡಗಾಲಿಗೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ಗೊತ್ತೇ ಆಗಿರುವುದಿಲ್ಲ. ಟೆಸ್ಟ್ ದಿನ ಆ ಇನ್ನೊಂದು ಕಾಲು ಸಹಾಯಕ್ಕೆ ಬರುವುದಿಲ್ಲ. ಕಾರು ಎರಡು ಸಲ ಎಗರಿ ಆಫ್ ಆಗುತ್ತದೆ. ಅಷ್ಟರಲ್ಲಿ ಕೈ ಬೆವರಿರುತ್ತದೆ.

ನಮ್ಮಲ್ಲಿಗೆ ಒಬ್ಬ ಹೈಸ್ಕೂಲ್ ಟೀಚರ್ ಬಂದಿದ್ದರು. ಬೇರೆ ಕಡೆ ಕಲಿತು ಎರಡು ಸಲ ಫೇಲ್ ಆಗಿದ್ದರು. ಮೊದಲ ದಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿ, "ಮೇಡಂ, ಆಕ್ಸಲರೇಟರ್ ಮುಟ್ಟಬೇಡಿ. ಬರೀ ಕ್ಲಚ್ ಬಿಡ್ತಾ ಆ ಕಂಬದವರೆಗೆ ಹೋಗಿ" ಎಂದೆ. ನನ್ನ ಎರಡೂ ಪಾದ ಸೀಟಿನ ಕಡೆಗೆ ಎಳೆದುಕೊಂಡು, ಅವರಿಗೆ ಕಾಣುವ ಹಾಗೆ ಕೂತೆ. ಮೂರು ಸಲ ಆಫ್ ಆಯಿತು. ನಾಲ್ಕನೇ ಸಲ ಕ್ಲಚ್ ಬಿಡುತ್ತಾ ಬಿಡುತ್ತಾ ಒಂದು ಕಡೆ ಇಂಜಿನ್ ಸದ್ದು ಸ್ವಲ್ಪ ಇಳಿಯಿತು, ಕಾರು ಸಣ್ಣಗೆ ನಡುಗಿತು. "ಅಲ್ಲೇ ನಿಲ್ಲಿಸಿ, ಕಾಲು ಅಲ್ಲಾಡಿಸಬೇಡಿ" ಎಂದೆ. ಕಾರು ತೆವಳಿಕೊಂಡು ಹೊರಟಿತು. ಅವರು ನನ್ನ ಕಡೆ ತಿರುಗಿ, "ಇದನ್ನ ಯಾರೂ ನಂಗೆ ತೋರಿಸೇ ಇಲ್ಲ" ಎಂದರು. ಅವರಿಗೆ ಸ್ಟೇರಿಂಗ್, ರಸ್ತೆ, ನಿಯಮ ಎಲ್ಲ ಚೆನ್ನಾಗೇ ಬರುತ್ತಿತ್ತು. ಆ ನಡುಕ ಎಲ್ಲಿ ಬರುತ್ತದೆ ಅನ್ನುವುದೊಂದು ತಿಳಿದಿರಲಿಲ್ಲ. ಆಮೇಲೆ ಪಾಸಾದರು.

ಆದ್ದರಿಂದ ಕ್ಲಾಸಿಗೆ ಹೋಗುತ್ತಿರುವವರಿಗೆ ನನ್ನ ಮೊದಲ ಮಾತು: ಕಲಿಸುವವರಿಗೆ ಧೈರ್ಯವಾಗಿ ಹೇಳಿ, "ಸರ್, ಇವತ್ತು ನೀವು ಪೆಡಲ್ ಮುಟ್ಟಬೇಡಿ, ಆಫ್ ಆದ್ರೆ ಆಗ್ಲಿ." ಟ್ರಾಫಿಕ್ಕಿನಲ್ಲಿ ಬೇಡ, ಮೈದಾನದಲ್ಲಿ ಅಥವಾ ಖಾಲಿ ಲೇಔಟಿನಲ್ಲಿ ಕೇಳಿ. ದುಡ್ಡು ಕೊಟ್ಟಿದ್ದೀರಿ, ಕೇಳುವ ಹಕ್ಕು ನಿಮಗಿದೆ. ಟೆಸ್ಟ್‌ಗೆ ಮನೆಯ ಕಾರು ತರುವವರು ಅದೇ ಕಾರಿನಲ್ಲಿ ಸಾಕಷ್ಟು ಓಡಿಸಿರಬೇಕು. ಒಂದೊಂದು ಕಾರಿನಲ್ಲಿ ಕ್ಲಚ್ ಒಂದೊಂದು ಎತ್ತರದಲ್ಲಿ ಹಿಡಿಯುತ್ತದೆ. ಹಿಂದಿನ ದಿನ ಭಾವನ ಹೊಸ ಕಾರು ಕೇಳಿ ತಂದವರು ಪರದಾಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಅಪ್ ವಿಷಯ. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದ ಹಾಗೆ ಮತ್ತೆ ಹೊರಡಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 15ನೇ ನಿಯಮ ಟೆಸ್ಟ್‌ನಲ್ಲಿ ಏನೇನು ನೋಡಬೇಕು ಅಂತ ಪಟ್ಟಿ ಕೊಡುತ್ತದೆ. ಹಿಂದಕ್ಕೆ ಜಾರಬಾರದು ಅನ್ನುವುದು ಅದರಲ್ಲೇ ಇದೆ. ಹ್ಯಾಂಡ್ ಬ್ರೇಕ್ ಬಳಸಬಹುದು ಅಂತಲೂ ಅದರಲ್ಲೇ ಇದೆ. ಆದರೂ ಹ್ಯಾಂಡ್ ಬ್ರೇಕ್ ಹಾಕಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಹಾಗೆ ಎಷ್ಟೋ ಜನ ಬ್ರೇಕಿನಿಂದ ಆಕ್ಸಲರೇಟರಿಗೆ ಕಾಲು ಎಗರಿಸುತ್ತಾರೆ. ಆ ಒಂದು ಕ್ಷಣದಲ್ಲಿ ಕಾರು ಜಾರುತ್ತದೆ. ಗಾಬರಿಯಾಗಿ ಕ್ಲಚ್ ಪೂರ್ತಿ ಬಿಡುತ್ತಾರೆ, ಆಫ್. ಸರಿಯಾದ ದಾರಿ ಸುಲಭ. ಹ್ಯಾಂಡ್ ಬ್ರೇಕ್ ಎಳೆದಿರಲಿ. ಮೊದಲನೇ ಗೇರ್. ಸ್ವಲ್ಪ ಆಕ್ಸಲರೇಟರ್ ಕೊಟ್ಟು, ಅದೇ ನಡುಕ ಬರುವವರೆಗೆ ಕ್ಲಚ್ ಬಿಡಿ. ಬಾನೆಟ್ ಒಂಚೂರು ಮೇಲೆದ್ದ ಹಾಗೆ ಕಾಣುತ್ತದೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕಾರು ಇದ್ದಲ್ಲೇ ನಿಂತಿರುತ್ತದೆ ಅಥವಾ ಮುಂದೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಆಫ್ ಆದರೂ ಅಲ್ಲಿಗೆ ಮುಗಿಯಿತು ಅಂತ ತಿಳಿಯಬೇಡಿ. ಆಫ್ ಆದ ಮೇಲೆ ಜನ ಮಾಡುವ ಗಡಿಬಿಡಿ ಇನ್ನೂ ಕೆಟ್ಟದು. ಗೇರಿನಲ್ಲೇ ಇರುವಾಗ ಕ್ಲಚ್ ಒತ್ತದೆ ಕೀ ತಿರುಗಿಸುತ್ತಾರೆ, ಕಾರು ಮುಂದಕ್ಕೆ ಹಾರುತ್ತದೆ. ಮೊದಲು ಬ್ರೇಕ್, ಆಮೇಲೆ ಹ್ಯಾಂಡ್ ಬ್ರೇಕ್, ನ್ಯೂಟ್ರಲ್, ಆಮೇಲೆ ಸ್ಟಾರ್ಟ್. ನಿಧಾನವಾಗಿ ಮಾಡಿ.

ಎಂಟು ಹಾಕುವಾಗ ಆಗುವ ತಪ್ಪಿಗೆ ಕಾರಣ ಬೇರೆ. ಕಾರು ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ದಾರಿಯಲ್ಲೇ ಬರುವುದಿಲ್ಲ. ಅವು ಒಳಗಡೆಗೆ ಸೇರಿಕೊಂಡು ಬರುತ್ತವೆ. ಮುಂದಿನ ಚಕ್ರ ಕಲ್ಲು ತಪ್ಪಿಸಿಕೊಂಡಿತು ಅಂತ ನೀವು ನಿರಾಳವಾಗುವಷ್ಟರಲ್ಲಿ ಹಿಂದಿನದು ಏರಿರುತ್ತದೆ. ನಾವು ಕೂರುವುದು ಬಲಗಡೆ, ಹಾಗಾಗಿ ಬಲಕ್ಕೆ ತಿರುಗುವ ಸುತ್ತಿನಲ್ಲಿ ಒಳಅಂಚು ಕಣ್ಣಿಗೆ ಬೀಳುತ್ತದೆ. ಎಡಕ್ಕೆ ತಿರುಗುವ ಸುತ್ತಿನಲ್ಲಿ ಒಳಅಂಚು ಕಾರಿನ ಆ ಕಡೆ ಅಡಗಿರುತ್ತದೆ. ಹೆಚ್ಚಿನವರಿಗೆ ತಾಗುವುದು ಎಡಗಡೆ ಹಿಂದಿನ ಚಕ್ರವೇ. ಎಡ ಸುತ್ತಿನಲ್ಲಿ ಹೊರಅಂಚಿಗೆ ಹತ್ತಿರವಾಗಿಯೇ ಹೋಗಿ, ಎಡ ಮಿರರ್ ಒಂಚೂರು ಕೆಳಗೆ ಬಾಗಿಸಿಟ್ಟುಕೊಂಡಿರಿ. ನಡುವೆ ಎರಡು ಸುತ್ತು ಸೇರುವ ಕಡೆ ಸ್ಟೇರಿಂಗನ್ನು ತಡವಾಗಿ ವಾಪಸ್ ತಿರುಗಿಸಿದರೆ ಮುಂದಿನ ಸುತ್ತು ಶುರುವಾಗುವ ಮೊದಲೇ ಕೆಟ್ಟಿರುತ್ತದೆ. ನಡುವಿಗೆ ಬರುವ ಮುಂಚೆಯೇ ಬಿಡಿಸಲು ಶುರು ಮಾಡಿ.

ರಿವರ್ಸ್‌ನಲ್ಲಿ ಇದು ತಿರುವುಮುರುವು. ಹಿಂಭಾಗ ಒಳಗೆ ಹೋಗುತ್ತದೆ, ಮೂತಿ ಹೊರಕ್ಕೆ ಬೀಸುತ್ತದೆ. ಎಲ್ಲರೂ ಹಿಂದೆಯೇ ನೋಡುತ್ತಿರುತ್ತಾರೆ, ಮುಂದಿನ ಮೂಲೆ ಕಂಬಕ್ಕೆ ತಾಗುತ್ತದೆ. ಮನೆಯ ಕಾರಿನಲ್ಲಿ ಕ್ಯಾಮೆರಾ ನೋಡಿಕೊಂಡೇ ರಿವರ್ಸ್ ಕಲಿತವರಿಗೆ ಕುತ್ತಿಗೆ ತಿರುಗಿಸುವ ಅಭ್ಯಾಸವೇ ಇರುವುದಿಲ್ಲ. ಅಭ್ಯಾಸದ ದಿನಗಳಲ್ಲಿ ಆ ಸ್ಕ್ರೀನ್ ಮೇಲೆ ಒಂದು ಬಟ್ಟೆ ಹಾಕಿಬಿಡಿ.

ಬೈಕ್, ಸ್ಕೂಟರಿನವರಿಗೂ ಇದೇ ಕಥೆ. ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ನಿಧಾನ ಸೈಕಲ್ ಸ್ಪರ್ಧೆ ಇರುತ್ತಿತ್ತಲ್ಲ, ಕೊನೆಗೆ ಬಂದವರು ಗೆಲ್ಲುವುದು, ಎಂಟು ಹಾಕುವುದು ಅದೇ ಕೆಲಸ. ಕಾಲು ನೆಲಕ್ಕೆ ತಾಗಬಾರದು. ಜನ ಮುಂದಿನ ಚಕ್ರವನ್ನೇ ನೋಡುತ್ತಾ ಓಡಿಸುತ್ತಾರೆ, ಬ್ಯಾಲೆನ್ಸ್ ಅಲ್ಲೇ ಹೋಗುತ್ತದೆ. ಮುಂದೆ ಎಲ್ಲಿಗೆ ತಿರುಗಬೇಕೋ ಅಲ್ಲಿಗೆ ಕಣ್ಣು ಹಾಯಿಸಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯಬೇಡಿ, ಗಾಡಿ ಅಲ್ಲೇ ಮಗುಚುತ್ತದೆ. ಗೇರ್ ಗಾಡಿಯಾದರೆ ಹಾಫ್ ಕ್ಲಚ್ (ಕ್ಲಚ್ ಅರ್ಧ ಮಾತ್ರ ಬಿಟ್ಟು ಹಿಡಿಯುವುದು) ಮತ್ತು ಹಿಂದಿನ ಬ್ರೇಕ್. ಸ್ಕೂಟರಾದರೆ ಆಕ್ಸಲರೇಟರ್ ಒಂದೇ ಸಮ ಸ್ವಲ್ಪ ಕೊಟ್ಟುಕೊಂಡು, ಹಿಂದಿನ ಬ್ರೇಕಿನಲ್ಲಿ ವೇಗ ತಗ್ಗಿಸಿ. ಆಕ್ಸಲರೇಟರ್ ಬಿಟ್ಟು ಬಿಟ್ಟು ಹಿಡಿದರೆ ಗಾಡಿ ಓಲಾಡುತ್ತದೆ. ಇನ್ನೊಂದು, ಗೇರಿಲ್ಲದ ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟರೆ ಸಿಗುವುದು ಗೇರಿಲ್ಲದ ಗಾಡಿಯ ಲೈಸೆನ್ಸೇ. ಮುಂದೆ ಬೈಕ್ ಓಡಿಸುವ ಆಸೆ ಇದ್ದರೆ ಈಗಲೇ ಗೇರ್ ಗಾಡಿಯಲ್ಲಿ ಕೊಡಿ.

ಇನ್ನು ನೋಡುವುದರ ಬಗ್ಗೆ. ಆಗ ಹೇಳಿದ 15ನೇ ನಿಯಮದ ಪಟ್ಟಿಯಲ್ಲಿ ಮೊಟ್ಟಮೊದಲು ಇರುವುದು ಏನು ಗೊತ್ತಾ? ಮಿರರ್ ಸರಿಮಾಡಿಕೊಳ್ಳುವುದು. ನಮ್ಮ ಜನ ಕಾರು ಹತ್ತಿದ ಕೂಡಲೇ ಕೈ ಹಾಕುವುದು ಕೀಗೆ. ಸೀಟು ಮುಂಚೆ ಕೂತವರ ಅಳತೆಗೆ ಇರುತ್ತದೆ, ಕ್ಲಚ್ ಪೂರ್ತಿ ಒತ್ತಲು ಕಾಲು ಸಾಲುವುದಿಲ್ಲ, ಮಿರರ್‌ನಲ್ಲಿ ಆಕಾಶ ಕಾಣುತ್ತಿರುತ್ತದೆ. ಟೆಸ್ಟ್ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಅದನ್ನೇ ಮೊದಲು ಗಮನಿಸುತ್ತಾರೆ. ಸೀಟು, ಮಿರರ್, ಬೆಲ್ಟ್, ನ್ಯೂಟ್ರಲ್ ನೋಡಿ ಆಮೇಲೆ ಕೀ. ಇಂಡಿಕೇಟರ್ ಹಾಕಿದರೆ ಆಯಿತು, ಮಿರರ್ ಯಾಕೆ ಅಂತ ಕೇಳುವವರಿದ್ದಾರೆ. ಮೊದಲು ಮಿರರ್ ನೋಡಿ ಆಮೇಲೆ ಇಂಡಿಕೇಟರ್ ಹಾಕಬೇಕು ಅಂತಲೇ ನಿಯಮ ಹೇಳುತ್ತದೆ. ತಿರುಗಿಸಲು ಶುರು ಮಾಡಿದ ಮೇಲೆ ಹಾಕಿದ ಇಂಡಿಕೇಟರ್ ಯಾರಿಗೂ ಉಪಯೋಗವಿಲ್ಲ. ತಿರುಗಿದ ಮೇಲೆ ಅದನ್ನು ಆರಿಸದೆ ಬಿಡುವುದೂ ಅಷ್ಟೇ ಅಪಾಯ.

ರಸ್ತೆ ನಿಯಮದ ಪ್ರಶ್ನೆಗಳಲ್ಲಿ ಎರಡಕ್ಕೆ ಜಾಸ್ತಿ ತಪ್ಪು ಉತ್ತರ ಬರುತ್ತದೆ. ಸರ್ಕಲ್‌ನಲ್ಲಿ ಈಗಾಗಲೇ ಸುತ್ತುತ್ತಿರುವವರಿಗೆ ಮೊದಲ ದಾರಿ, ಒಳಗೆ ನುಗ್ಗುವವರು ಕಾಯಬೇಕು. ಕಿರಿದಾದ ಘಾಟಿ ರಸ್ತೆಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಆಗುಂಬೆ, ಚಾರ್ಮಾಡಿ ಕಡೆ ಓಡಿಸುವವರಿಗೆ ಎರಡನೆಯದರ ಬೆಲೆ ಗೊತ್ತಿರುತ್ತದೆ. ನಿಂತ ಲಾರಿಯನ್ನು ಏರಿನಲ್ಲಿ ಮತ್ತೆ ಎಬ್ಬಿಸುವುದು ಸಣ್ಣ ಕೆಲಸವಲ್ಲ.

"ಏಜೆಂಟ್‌ಗೆ ದುಡ್ಡು ಕೊಟ್ರೆ ಆಗೋದಿಲ್ವಾ?" ಅಂತ ಸುಮ್ನೆ ಕೇಳುವವರಿಗೂ ಒಂದು ಮಾತು. ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒದ ಮಲ್ಲತ್ತಹಳ್ಳಿ ಟ್ರ್ಯಾಕಿನಂಥ ಕಡೆ ಸೆನ್ಸರ್, ಕ್ಯಾಮೆರಾಗಳೇ ತಪ್ಪನ್ನು ಗುರುತಿಸುತ್ತವೆ. ಅಲ್ಲಿ ಯಾರ ಪರಿಚಯವೂ ಚಕ್ರವನ್ನು ಗೆರೆಯಿಂದ ಆಚೆ ತಳ್ಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಏರಿನಲ್ಲಿ ಗಾಡಿ ಹಿಡಿಯಲು ಬಾರದವರ ಹಿಂದೆ ಯಾವತ್ತೋ ಒಂದು ದಿನ ಮಗುವನ್ನು ಕೂರಿಸಿಕೊಂಡ ಸ್ಕೂಟರ್ ನಿಂತಿರುತ್ತದೆ. ನನಗೆ ಆ ಯೋಚನೆಯೇ ಸಾಕು. ದುಡ್ಡಿನ ದಾರಿ ಕೇಳಿಬಂದವರಿಗೆ ನಾನು ಕ್ಲಾಸ್ ತೆಗೆದುಕೊಳ್ಳುವುದಿಲ್ಲ.

ಗಾಡಿ ಓಡಿಸುವ ಮೊದಲೇ ವಾಪಸ್ ಕಳಿಸಿಕೊಳ್ಳುವವರೂ ಇದ್ದಾರೆ. ಇನ್ಶೂರೆನ್ಸ್ ಮುಗಿದಿದೆ, ಎಮಿಷನ್ ಸರ್ಟಿಫಿಕೇಟ್ ಇಲ್ಲ, ಎಲ್ ಬೋರ್ಡ್ ಇಲ್ಲ, ಹೆಲ್ಮೆಟ್ ತಂದಿಲ್ಲ. ಹಿಂದಿನ ರಾತ್ರಿಯೇ ಎಲ್ಲ ತೆಗೆದಿಟ್ಟುಕೊಳ್ಳಿ, ಅಷ್ಟೇ.

ಫೇಲ್ ಆದವರು ಏನು ಮಾಡಬೇಕು? ಮೊದಲು ಎಲ್ಲಿ ತಪ್ಪಾಯಿತು ಅಂತ ಇನ್‌ಸ್ಪೆಕ್ಟರನ್ನೇ ವಿನಯವಾಗಿ ಕೇಳಿ. ಬೇಜಾರಿನಲ್ಲಿ ಕೇಳದೇ ಬಂದುಬಿಡುತ್ತಾರೆ, ಮುಂದಿನ ಸಲ ಅದೇ ತಪ್ಪು ಮಾಡುತ್ತಾರೆ. ಕಾನೂನಿನ ಪ್ರಕಾರ 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು. ಆ 7 ದಿನದಲ್ಲಿ ಊರೆಲ್ಲ ಸುತ್ತಬೇಡಿ. ದಿನಾ ಅರ್ಧ ಗಂಟೆ ಖಾಲಿ ಜಾಗದಲ್ಲಿ ಮೊದಲನೇ ಗೇರ್ ಮತ್ತು ರಿವರ್ಸ್ ಮಾತ್ರ ಮಾಡಿ, ತಪ್ಪಾದ ಭಾಗವನ್ನೇ ಮತ್ತೆ ಮತ್ತೆ ಮಾಡಿ. ಪಕ್ಕದಲ್ಲಿ ಲೈಸೆನ್ಸ್ ಇರುವ, ಬೈಯದೇ ಇರುವ ಒಬ್ಬರನ್ನು ಕೂರಿಸಿಕೊಳ್ಳಿ. ಗಂಡನೋ ಅಪ್ಪನೋ ಕೂಗಾಡುವವರಾದರೆ ಬೇರೆಯವರನ್ನು ಕರೆಯಿರಿ, ಮುಲಾಜು ಬೇಡ.

ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಅದರ ಮೇಲಿನ ತಾರೀಕನ್ನೂ ಇವತ್ತೇ ನೋಡಿಬಿಡಿ. ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ ಟೆಸ್ಟ್ ಕೊಡಬಹುದು, ಅದರ ಆಯಸ್ಸು 6 ತಿಂಗಳು. ಐದನೇ ತಿಂಗಳವರೆಗೆ ಕಾಯ್ದು ಮೊದಲ ಟೆಸ್ಟ್‌ಗೆ ಹೋದವರು ಒಂದು ಸಲ ಫೇಲ್ ಆದರೆ, ಸ್ಲಾಟ್ ಸಿಗುವಷ್ಟರಲ್ಲಿ ಎಲ್‌ಎಲ್ ಮುಗಿದು ಹೊಸದಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಎರಡನೇ ತಿಂಗಳಲ್ಲೇ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಟೆಸ್ಟ್‌ಗೆ ದಿನ ಹಿಡಿದುಬಿಡಿ. ಒಮ್ಮೆ ತಪ್ಪಿದರೂ ಇನ್ನೊಮ್ಮೆ ಹೋಗಲು ಸಮಯ ಇರುತ್ತದೆ.